ಹೊಸ ಕಾರಿನ ರನ್‌ಫ್ಲಾಟ್ ಟೈರು: ಬದಲಿಸುವ ಮುನ್ನ

ಗಾಳಿ ಪೂರ್ತಿ ಇಳಿದ ಬಳಿಕವೂ ಕಾರಿನ ಭಾರವನ್ನು ಹೊರಬಲ್ಲ ಟೈರಿಗೆ ರನ್‌ಫ್ಲಾಟ್ ಎಂದು ಹೆಸರು. ದಪ್ಪ ರಬ್ಬರಿನಿಂದ ಬಲಪಡಿಸಿದ ಪಾರ್ಶ್ವಗಳೇ ಇದರ ಶಕ್ತಿ. ಬಿಎಂಡಬ್ಲ್ಯು, ಮಿನಿ ಕಾರುಗಳ ಹಲವು ಮಾದರಿಗಳು ಇವುಗಳೊಂದಿಗೇ ಮಾರಾಟವಾಗಿವೆ. ಅನೇಕವುಗಳಲ್ಲಿ ಸ್ಟೆಪ್ನಿ ಇಡುವ ಗುಳಿಯೇ ಇಲ್ಲ.

ಗಾಳಿಯಿಲ್ಲದೆ, ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ, ಸುಮಾರು 80 ಕಿ.ಮೀ. ಸಾಗಬಹುದೆಂಬುದು ಸಾಮಾನ್ಯ ಮಿತಿ. ಅಂದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಂದೂರಿನಿಂದ ಹೊರಟ ಕಾರು ಕುಂದಾಪುರ, ಬ್ರಹ್ಮಾವರ ದಾಟಿ ಉಡುಪಿ ಮುಟ್ಟೀತು, ಮಂಗಳೂರು ಮುಟ್ಟದು. ಹಾಗೆ ಓಡಿದ ಟೈರಿನ ಒಳಭಾಗ ಶಿಥಿಲಗೊಂಡಿರಬಹುದಾದ್ದರಿಂದ ಅನೇಕ ತಯಾರಕರು ದುರಸ್ತಿಗೆ ಸಮ್ಮತಿಸುವುದಿಲ್ಲ. ಅದನ್ನು ರಿಮ್ಮಿನಿಂದ ಬಿಡಿಸಲು ತಕ್ಕ ಯಂತ್ರವೂ ಬೇಕು. ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಅದನ್ನು ನಿರೀಕ್ಷಿಸುವುದು ತರವಲ್ಲ. ಮಳೆಗಾಲದ ಹೊಂಡಗಳ ಹೊಡೆತವನ್ನಂತೂ ಗಡಸು ಪಾರ್ಶ್ವಗಳು ನೇರ ರಿಮ್ಮಿಗೂ ಸವಾರರ ಬೆನ್ನಿಗೂ ದಾಟಿಸುತ್ತವೆ.

ಸಾಮಾನ್ಯ ಟೈರು ಮೃದು, ಅಗ್ಗ, ಸುಲಭಲಭ್ಯ. ಆದರೆ ಸ್ಟೆಪ್ನಿಯಿಲ್ಲದ ಕಾರಿಗೆ ಅದನ್ನು ತೊಡಿಸಿ ಇರುಳಿನಲ್ಲಿ ಕೊಲ್ಲೂರಿನಿಂದ ನಾಗೋಡಿ ಘಾಟಿ ಏರುವವರು ಯೋಚಿಸಬೇಕು. ಟ್ಯೂಬ್‌ಲೆಸ್ ಟೈರು, ಗಾಳಿಯೊತ್ತಡ ಸೂಚಕ ಹಾಗೂ ದುರಸ್ತಿ ಕಿಟ್ ಇರುವ, 3.5 ಟನ್ನಿನೊಳಗಿನ ಪ್ರಯಾಣಿಕ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದು 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿದೆ. ನಿಯಮ ಒಪ್ಪಿದರೂ ಕಿಟ್ಟಿನ ದ್ರವವು ಮೊಳೆಯ ತೂತನ್ನು ಮುಚ್ಚೀತೇ ಹೊರತು ಪಾರ್ಶ್ವದ ಸೀಳನ್ನಲ್ಲ.

ಬದಲಿಸುವುದೇ ಆದಲ್ಲಿ ನಾಲ್ಕನ್ನೂ ಒಮ್ಮೆಗೇ ಬದಲಿಸತಕ್ಕದ್ದು. ಎರಡು ಬಗೆಯ ಮಿಶ್ರಣದಿಂದ ತಿರುವಿನಲ್ಲಿ ಹಿಡಿತ ಏರುಪೇರಾಗುತ್ತದೆ. ಅಳತೆ, ಭಾರ ಸೂಚ್ಯಂಕ, ವೇಗದ ಅಕ್ಷರ ಮೂಲದಂತೆಯೇ ಇರಬೇಕು. ವಾರಂಟಿಯ ವಿಷಯದಲ್ಲಿ ಮಾರಾಟಗಾರರ ಬಾಯಿಮಾತು ಸಾಲದು, ಲಿಖಿತ ಉತ್ತರ ಪಡೆಯುವುದು ಲೇಸು. ಒತ್ತಡ ಸೂಚಕವನ್ನು ಮರಳಿ ಹೊಂದಿಸಿ, ಅಳತೆಗೊಪ್ಪುವ ಸ್ಟೆಪ್ನಿಯೊಂದನ್ನು ಜಾಕ್ ಸಹಿತ ಡಿಕ್ಕಿಯಲ್ಲಿ ಬಿಗಿದು ಕಟ್ಟಿದ ಮೇಲೆಯೇ ದೂರದ ಪ್ರಯಾಣ.