ಸುಳ್ಳುಗಾರ ಯಾಕೋಬ್

ಯುರೆಕ್ ಬೆಕರ್ ಜರ್ಮನ್ ಭಾಷೆಯಲ್ಲಿ ಬರೆದ ಕಾದಂಬರಿ. 1969ರಲ್ಲಿ ಪೂರ್ವ ಜರ್ಮನಿಯಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಪೋಲೆಂಡಿನ ಯಹೂದಿಗಳನ್ನು ಕೂಡಿಹಾಕಿದ್ದ ಒಂದು ಘೆಟ್ಟೋದಲ್ಲಿ ಕಥೆ ನಡೆಯುತ್ತದೆ.

ಯಾಕೋಬ್ ಹೈಮ್ ಹಿಂದೆ ಆಲೂಗಡ್ಡೆ ದೋಸೆ, ಐಸ್‌ಕ್ರೀಂ ಮಾರಿಕೊಂಡಿದ್ದವನು. ಕರ್ಫ್ಯೂ ಮೀರಿದ್ದೀಯೆಂದು ಕಾವಲುಗಾರ ಅವನನ್ನು ಠಾಣೆಗೆ ಅಟ್ಟುತ್ತಾನೆ. ರಷ್ಯನ್ ಸೇನೆ ಬೆಜಾನಿಕಾದ ಹತ್ತಿರ ಬಂದಿದೆ ಎಂಬ ರೇಡಿಯೋ ಸುದ್ದಿ ಅಲ್ಲಿ ಅವನ ಕಿವಿಗೆ ಬೀಳುತ್ತದೆ. ಮರುದಿನ ರೈಲು ಡಬ್ಬಿಯಿಂದ ಆಲೂಗಡ್ಡೆ ಕದಿಯಲು ಹೊರಟ ಮಿಷಾ ಎಂಬ ಯುವಕನನ್ನು ಗುಂಡಿನಿಂದ ಉಳಿಸಲು ಯಾಕೋಬ್ ಆ ಸುದ್ದಿ ಹೇಳುತ್ತಾನೆ. ಠಾಣೆಗೆ ಹೋಗಿ ಜೀವಸಹಿತ ಬಂದೆನೆಂದರೆ ಯಾರು ನಂಬುತ್ತಾರೆ? ತನ್ನ ಬಳಿಯೇ ರೇಡಿಯೋ ಇದೆ ಎಂದುಬಿಡುತ್ತಾನೆ. ರೇಡಿಯೋ ಇಟ್ಟುಕೊಂಡವರಿಗೆ ಅಲ್ಲಿ ಸಾವೇ ಗತಿ.

ಸುದ್ದಿ ಹಬ್ಬುತ್ತದೆ. ಆತ್ಮಹತ್ಯೆಗಳು ನಿಲ್ಲುತ್ತವೆ, ಹಳೆಯ ಸಾಲದ ಲೆಕ್ಕ, ಮದುವೆಯ ಮಾತು ಮತ್ತೆ ಶುರುವಾಗುತ್ತವೆ. ದಿನವೂ ಹೊಸ ಸುದ್ದಿ ಹುಟ್ಟಿಸುವ ಹೊರೆ ಯಾಕೋಬನದು. ತಂದೆತಾಯಿ ಇಲ್ಲದ ಎಂಟು ವರ್ಷದ ಲೀನಾ ರೇಡಿಯೋ ತೋರಿಸೆಂದು ಹಟ ಹಿಡಿದಾಗ ಅವಳನ್ನು ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ಮರೆಯಲ್ಲಿ ಕೂತು ವಾರ್ತಾವಾಚಕನಾಗುತ್ತಾನೆ, ಚರ್ಚಿಲ್ ಆಗುತ್ತಾನೆ, ಬಾಯಲ್ಲೇ ಬ್ಯಾಂಡ್ ಬಾರಿಸುತ್ತಾನೆ. ಕೊನೆಗೆ, ಮೋಡ ಬೇಕೆಂದು ಕಾಯಿಲೆ ಬಿದ್ದ ರಾಜಕುಮಾರಿಯ ಕಥೆ ಹೇಳುತ್ತಾನೆ. ಕಾದಂಬರಿಯ ಜೀವವೆಲ್ಲ ಈ ಪ್ರಸಂಗದಲ್ಲಿದೆ.

ಬೆಕರ್ ಹುಟ್ಟಿದ್ದು 1937ರಲ್ಲಿ, ಪೋಲೆಂಡಿನ ಲೋಡ್ಜ್‌ನಲ್ಲಿ. ಬಾಲ್ಯ ಕಳೆದದ್ದು ಅಲ್ಲಿನ ಘೆಟ್ಟೋ, ಆಮೇಲೆ ರಾವೆನ್ಸ್‌ಬ್ರುಕ್ ಮತ್ತು ಸಾಕ್ಸೆನ್‌ಹೌಸೆನ್ ಶಿಬಿರಗಳಲ್ಲಿ. ಯುದ್ಧ ಮುಗಿದು ತಂದೆಯೊಡನೆ ಬರ್ಲಿನ್‌ನಲ್ಲಿ ನೆಲೆಸಿದ ಮೇಲೆಯೇ ಜರ್ಮನ್ ಕಲಿತರು. ಘೆಟ್ಟೋದಲ್ಲಿ ನಿಜವಾಗಿಯೂ ರೇಡಿಯೋ ಬಚ್ಚಿಟ್ಟು ಪ್ರಾಣ ತೆತ್ತ ಧೀರನೊಬ್ಬನ ಬಗ್ಗೆ ಬರೆಯೆಂದು ತಂದೆ ಹೇಳಿದ್ದರು. ಮಗ ರೇಡಿಯೋ ಇಲ್ಲದ, ಪುಕ್ಕಲನಾದ ಯಾಕೋಬನನ್ನು ಆರಿಸಿಕೊಂಡರು. ಆಯುಧ ಹಿಡಿಯದವರು ಹೇಗೆ ಬಾಳಿದರೆಂಬುದನ್ನು ಕಾಣಿಸಲು ಆ ಆಯ್ಕೆಯೇ ಸರಿಯಾದದ್ದು.

ಕೃತಿಗೆ ಎರಡು ಮುಕ್ತಾಯಗಳಿವೆ. ಒಂದರಲ್ಲಿ ತಪ್ಪಿಸಿಕೊಳ್ಳಲು ಹೋದ ಯಾಕೋಬ್ ಸಾಯುತ್ತಾನೆ, ರಷ್ಯನ್ನರು ಬಂದು ಉಳಿದವರನ್ನು ಬಿಡಿಸುತ್ತಾರೆ. ಇದು ನಿರೂಪಕನ ಆಸೆ. ಇನ್ನೊಂದು ನಡೆದದ್ದು: ಎಲ್ಲರನ್ನೂ ರೈಲಿಗೆ ತುಂಬುತ್ತಾರೆ. ಲೋಡ್ಜ್‌ನಲ್ಲೂ ಹೀಗೆಯೇ ಆಯಿತು. 1944ರ ಆಗಸ್ಟ್‌ನಲ್ಲಿ ಘೆಟ್ಟೋದ ಜನರನ್ನು ಆಶ್‌ವಿಟ್ಸ್‌ಗೆ ಸಾಗಿಸಿದರು. ಕೆಂಪು ಸೇನೆ ಊರು ಸೇರಿದ್ದು 1945ರ ಜನವರಿಯಲ್ಲಿ.

ಬೆಕರ್ ಇದನ್ನು ಮೊದಲು ಚಿತ್ರಕಥೆಯಾಗಿ ಬರೆದಿದ್ದರು. ಚಿತ್ರ ಕೈಗೂಡದಿದ್ದಾಗ ಕಾದಂಬರಿ ಮಾಡಿದರು. ಫ್ರಾಂಕ್ ಬೈಯರ್ 1974ರಲ್ಲಿ ತೆರೆಗೆ ತಂದ ಚಿತ್ರ ವಿದೇಶಿ ಭಾಷಾ ವಿಭಾಗದಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಆ ಮನ್ನಣೆ ಪಡೆದ ಪೂರ್ವ ಜರ್ಮನಿಯ ಚಿತ್ರ ಇದೊಂದೇ. 1999ರಲ್ಲಿ ರಾಬಿನ್ ವಿಲಿಯಮ್ಸ್ ನಟನೆಯಲ್ಲಿ ಹಾಲಿವುಡ್ ಆವೃತ್ತಿಯೂ ಬಂತು; ನೋಡಬಯಸುವವರು ಬೈಯರ್ ಚಿತ್ರದಿಂದಲೇ ಆರಂಭಿಸಬೇಕು.