ಬೆಟ್ಟದಿಂದ ಊರಿಗಿಳಿದ ಆಸ್ಪತ್ರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ತಾಲೂಕಿನ ಚರಿತ್ರೆಯ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಗುರುಗಳು ಹೇಳಿದರು. ಯಳಂದೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ಬಳೆಮಂಟಪ, ದಿವಾನ್ ಪೂರ್ಣಯ್ಯನವರ ಜಹಗೀರು, ಬಿಳಿಗಿರಿರಂಗನ ತೇರು. ಇವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾನು ಬರೆಯುವುದು ನಮ್ಮ ಕಾಲದಲ್ಲೇ, ನಮ್ಮ ಕಣ್ಣೆದುರಿಗೇ ನಡೆದ ಒಂದು ಚರಿತ್ರೆಯನ್ನು. ಅದು ಬೆಟ್ಟದ ಮೇಲೆ ಹುಟ್ಟಿ ಊರೂರಿಗೆ ಇಳಿದ ಆಸ್ಪತ್ರೆಯ ಕಥೆ.

ಯಳಂದೂರಿನಿಂದ ಸುಮಾರು 24 ಕಿ.ಮೀ. ದೂರದ ಬಿಳಿಗಿರಿರಂಗನ ಬೆಟ್ಟ ಸೋಲಿಗರ ನೆಲೆ. ದೇವರನ್ನೇ 'ಭಾವ' ಎಂದು ಕರೆಯುವ ಜನ ಅವರು. ಕಾಡಿನಲ್ಲಿ ಪೋಡುಗಳನ್ನು ಕಟ್ಟಿಕೊಂಡು ರಾಗಿ ಬೆಳೆದು, ಜೇನು, ನೆಲ್ಲಿ, ಸೀಗೆ ಸಂಗ್ರಹಿಸಿ ಬದುಕುತ್ತಿದ್ದರು. 1974ರಲ್ಲಿ ಈ ಕಾಡು ವನ್ಯಜೀವಿ ಧಾಮವಾಯಿತು. ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು. ಅನೇಕ ಪೋಡುಗಳು ಒಳಗಾಡಿನಿಂದ ರಸ್ತೆಯ ಬದಿಗೆ ಬಂದವು. ಬದುಕಿನ ಆಧಾರ ಕಳಚಿದ ಜನಕ್ಕೆ ಕಾಯಿಲೆ ಬಂದರೆ ಬೇರು ನಾರಿನ ಔಷಧವೇ ಗತಿ. ಹಾವು ಕಡಿದರೆ, ಕರಡಿ ಬಗೆದರೆ ಕೆಳಗಿನ ಊರಿನವರೆಗೆ ಹೊತ್ತು ತರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು.

ಬೆಂಗಳೂರು ವೈದ್ಯಕೀಯ ಕಾಲೇಜಿನಲ್ಲಿ 1973ರಲ್ಲಿ ಪದವಿ ಪಡೆದ ಡಾ. ಎಚ್. ಸುದರ್ಶನ್ ಈ ಬೆಟ್ಟಕ್ಕೆ ಬಂದದ್ದು ಇಂಥ ಕಾಲದಲ್ಲಿ. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭವಾಯಿತು. ಮೊದಲಿಗೆ ಪ್ಯಾಂಟು ಹಾಕಿದ ಹೊರಗಿನವರನ್ನು ಕಂಡರೆ ಜನ ಹತ್ತಿರ ಬರುತ್ತಿರಲಿಲ್ಲ. ಹೀಗಾಗಿ ವೈದ್ಯರೇ ಪೋಡುಗಳಿಗೆ ನಡೆದು ಹೋಗಬೇಕಾಯಿತು. ನಂಬಿಕೆ ಕುದುರಿದ ಮೇಲೆ ಆಸ್ಪತ್ರೆ ಬೆಳೆಯಿತು, ಅದರ ಜೊತೆಗೇ ಮಕ್ಕಳಿಗೆ ಶಾಲೆಯೂ ಬೆಳೆಯಿತು. ಹಸಿವು, ಅನಕ್ಷರತೆಗಳನ್ನು ಹಾಗೇ ಬಿಟ್ಟು ಬರೀ ಮಾತ್ರೆ ಕೊಟ್ಟರೆ ಕಾಯಿಲೆ ವಾಸಿಯಾಗದು ಎಂಬುದು ಅಲ್ಲಿಯ ತಿಳಿವಳಿಕೆ.

ಸೋಲಿಗ ಹೆಂಗಸರಿಗೆ ಕುಕ್ಕರುಗಾಲಿನಲ್ಲಿ ಕುಳಿತು ಹೆರುವುದು ರೂಢಿ. ಅದನ್ನು ಹಳೆಯ ಪದ್ಧತಿ ಎಂದು ತಳ್ಳಿಹಾಕದೆ ಸೂಲಗಿತ್ತಿಯರಿಗೆ ತರಬೇತಿ ನೀಡಿ ಜೊತೆಗೆ ಸೇರಿಸಿಕೊಂಡರು. ಸೋಲಿಗರಲ್ಲಿ ಕುಡಗೋಲು ಕಣ ರಕ್ತಹೀನತೆ ಇದೆ. ಅಪ್ಪ ಅಮ್ಮ ಇಬ್ಬರೂ ಇದರ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಈ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನೋಡಲು ಆರೋಗ್ಯವಾಗಿರುವ ವಾಹಕರನ್ನು ರಕ್ತ ಪರೀಕ್ಷೆಯಿಂದ ಮಾತ್ರ ಗುರುತಿಸಬಹುದು. ಪೋಡಿನಿಂದ ಪೋಡಿಗೆ ಹೋಗಿ ಆ ಪರೀಕ್ಷೆ ಮಾಡಿದ್ದು ಈ ಆಸ್ಪತ್ರೆಯ ದೊಡ್ಡ ಸೇವೆಗಳಲ್ಲೊಂದು.

ಬೆಟ್ಟದ ಕೆಳಗಿನ ನಮ್ಮ ಊರುಗಳಿಗೆ ಈ ಕೆಲಸ ಇಳಿದು ಬಂದದ್ದು ಕುಷ್ಠರೋಗದ ಕಾರಣದಿಂದ. ಅದಕ್ಕಾಗಿಯೇ 1986ರಲ್ಲಿ ಕರುಣಾ ಟ್ರಸ್ಟ್ ಸ್ಥಾಪನೆಯಾಯಿತು. ಆಗ ಈ ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲೂ ಹಿರಿಯರು ಅಂಜುತ್ತಿದ್ದರು. ರೋಗಿಗೆ ತಟ್ಟೆ ಬೇರೆ, ಚಾಪೆ ಬೇರೆ, ಕೊನೆಗೆ ಮನೆಯೂ ಬೇರೆ. ಆದರೆ 1980ರ ದಶಕದ ಆರಂಭದಲ್ಲಿ ಮೂರು ಔಷಧಗಳನ್ನು ಸೇರಿಸಿ ಕೊಡುವ ಬಹುಔಷಧ ಚಿಕಿತ್ಸೆ ಬಂದಿತ್ತು. ಅದನ್ನು ಶುರು ಮಾಡಿದ ಸ್ವಲ್ಪ ದಿನಗಳಲ್ಲೇ ರೋಗ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ಔಷಧವೇನೋ ಇತ್ತು, ರೋಗಿಗಳು ಮಾತ್ರ ಅಡಗಿದ್ದರು. ಮನೆ ಮನೆಗೆ ಹೋಗಿ ಮುಟ್ಟಿದರೆ ತಿಳಿಯದ ಮಾಸಲು ಮಚ್ಚೆಗಳನ್ನು ಹುಡುಕಬೇಕಿತ್ತು. ಕೋರ್ಸು ಮುಗಿಯುವ ತನಕ ಮಾತ್ರೆ ತಪ್ಪದಂತೆ ಬೆನ್ನು ಹತ್ತಬೇಕಿತ್ತು. 1987ರಲ್ಲಿ ತಾಲೂಕಿನಲ್ಲಿ ಸಾವಿರ ಜನಕ್ಕೆ 21.4 ಇದ್ದ ರೋಗಿಗಳ ಪ್ರಮಾಣ 2005ರ ಹೊತ್ತಿಗೆ 0.28ಕ್ಕೆ ಇಳಿಯಿತು. ನನ್ನ ಉದ್ಯೋಗದಲ್ಲಿ ದಿನವೂ ಕಂಪ್ಯೂಟರ್ ಪರದೆಯ ಮೇಲೆ ಏರಿಳಿಯುವ ಅಂಕಿಗಳನ್ನು ನೋಡುತ್ತೇನೆ. ಈ ಅಂಕಿ ಇಳಿದದ್ದರ ಅರ್ಥವೇ ಬೇರೆ. ದೂರ ಕೂತಿದ್ದವರು ಮತ್ತೆ ಪಂಕ್ತಿಗೆ ಬಂದು ಕೂತರು.

ಮೂರ್ಛೆರೋಗದ ಕೆಲಸವೂ ಹೀಗೆಯೇ. ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ತಾಲೂಕಿನ ಸುಮಾರು 65,000 ಜನರ ಸಮೀಕ್ಷೆ ಮಾಡಿದಾಗ ಸಾವಿರಕ್ಕೆ ಹತ್ತಿರ ಹತ್ತಿರ ನಾಲ್ಕು ಮಂದಿಗೆ ಈ ರೋಗ ಇರುವುದು ತಿಳಿಯಿತು. ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದೇ ಚಿಕಿತ್ಸೆ ಎಂದುಕೊಂಡಿದ್ದ ಊರುಗಳಲ್ಲಿ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ 'ಲ್ಯಾನ್ಸೆಟ್' ಎಂಬ ಜಗತ್ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ 'ಯಳಂದೂರು ಅಧ್ಯಯನ' ಎಂದೇ ಇದು ಪ್ರಕಟವಾಯಿತು. ನಮ್ಮ ಊರಿನ ಹೆಸರನ್ನು ಪ್ರಪಂಚದ ವೈದ್ಯರು ಓದಿದ್ದು ಹೀಗೆ.

ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಗುಂಬಳ್ಳಿ. 1996ರಲ್ಲಿ ಅಲ್ಲಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರ ಕರುಣಾ ಟ್ರಸ್ಟ್‌ಗೆ ವಹಿಸಿತು. ಆಸ್ಪತ್ರೆ ಸರ್ಕಾರದ್ದಾಗಿಯೇ ಉಳಿಯಿತು, ಬಡವರಿಗೆ ಬಾಗಿಲು ತೆರೆದೇ ಇತ್ತು. ಹೊಸದಾಗಿ ಬಂದದ್ದು ಊರಿನಲ್ಲೇ ಇದ್ದು ಕೆಲಸ ಮಾಡುವ ಸಿಬ್ಬಂದಿ ಬೇಕೆಂಬ ನಿಷ್ಠುರ. ಹಾಗೆಂದು ಎಲ್ಲವನ್ನೂ ಟ್ರಸ್ಟುಗಳಿಗೆ ಒಪ್ಪಿಸಬೇಕು ಎಂದು ನಾನು ಹೇಳುತ್ತಿಲ್ಲ. ಸರ್ಕಾರಿ ಎಂದರೆ ಇಷ್ಟೇ ಎಂದು ಕೈಬಿಡುವವರಿಗೆ ಗುಂಬಳ್ಳಿಯನ್ನು ತೋರಿಸಬಹುದು ಎನ್ನುತ್ತಿದ್ದೇನೆ.

ನಾವೆಲ್ಲ ಓದಿದ್ದು ಸರ್ಕಾರಿ ಪ್ರೌಢಶಾಲೆಯಲ್ಲಿ. ಇಲ್ಲಿಂದ ಬಿ.ಇ. ಮಾಡಿ ಬೆಂಗಳೂರು ಸೇರಿದ ನನ್ನಂಥವರು ನಮ್ಮ ಮಕ್ಕಳನ್ನು ಇಂಥ ಶಾಲೆಗೆ ಕಳಿಸುತ್ತಿಲ್ಲ, ಇಂಥ ಆಸ್ಪತ್ರೆಗೆ ಹೋಗುತ್ತಿಲ್ಲ. ನಾವು ಬಳಸದ ಸಂಸ್ಥೆಯ ಕುಂದುಕೊರತೆ ಕೇಳುವವರು ಯಾರು? ಸುವರ್ಣ ಮಹೋತ್ಸವಕ್ಕೆ ದೇಣಿಗೆ ಕೊಡುವುದು ಸುಲಭ. ವರ್ಷಕ್ಕೆರಡು ಸಲವಾದರೂ ಊರಿಗೆ ಬಂದು, ಶಾಲೆಯಲ್ಲಿ ಎಷ್ಟು ಮೇಷ್ಟ್ರ ಜಾಗ ಖಾಲಿಯಿದೆ, ಆರೋಗ್ಯ ಕೇಂದ್ರದಲ್ಲಿ ಯಾವ ಔಷಧ ಮುಗಿದಿದೆ ಎಂದು ವಿಚಾರಿಸಿ, ಸಂಬಂಧಪಟ್ಟವರಿಗೆ ಒಂದು ಅರ್ಜಿ ಬರೆದು ಹೋಗೋಣ. ಹಳೆಯ ವಿದ್ಯಾರ್ಥಿಗಳ ಸಂಘ ಈ ವರ್ಷದಿಂದಲೇ ಅದನ್ನು ಶುರು ಮಾಡಲಿ ಎಂದು ಕೋರುತ್ತೇನೆ. ಮೊದಲ ಸರದಿಗೆ ನನ್ನ ಹೆಸರು ಬರೆದುಕೊಳ್ಳಿ.