ಎಂಜಿನ್ನಿಗೊಂದು ಲಗಾಮು

ಕಾಲೇಜಿನಲ್ಲಿ ಎನ್‌ಸಿಸಿಯ ವಾಯು ವಿಭಾಗದಲ್ಲಿದ್ದಾಗ ನಾನೊಂದು ವಿಮಾನ ಕೆಡವಿದೆ. ಬಾಲ್ಸಾ ಮರದ್ದು, ಮೊಳಕ್ಕಿಂತ ತುಸು ದೊಡ್ಡದು, ಎರಡು ಉಕ್ಕಿನ ತಂತಿಗಳ ತುದಿಯಲ್ಲಿ ನನ್ನ ಸುತ್ತ ಸುತ್ತುತ್ತಿದ್ದದ್ದು. ಕಂಟ್ರೋಲ್ ಲೈನ್ ಎನ್ನುತ್ತಾರೆ. ಕೈಯಲ್ಲಿರುವ ಹಿಡಿಕೆಯನ್ನು ಹಿಂದಕ್ಕೆ ಓರೆ ಮಾಡಿದರೆ ಏರುತ್ತದೆ, ಮುಂದಕ್ಕೆ ಮಾಡಿದರೆ ಇಳಿಯುತ್ತದೆ. ತಂತಿ ಬಿಗಿಯಾಗಿರುವ ತನಕ ಮಾತ್ರ ಈ ಮಾತು. ತಂತಿ ಸಡಿಲವಾದ ಕ್ಷಣ ಹಿಡಿಕೆಗೂ ವಿಮಾನಕ್ಕೂ ಸಂಬಂಧವಿಲ್ಲ.

ಹಿಂದಿನ ದಿನ ಅದರ ಪ್ರೊಪೆಲ್ಲರ್ ಮುರಿದಿತ್ತು. ಅದು 9×4, ಅಂದರೆ ಒಂಬತ್ತು ಇಂಚು ಉದ್ದ, ನಾಲ್ಕು ಇಂಚು ಪಿಚ್. ಪೆಟ್ಟಿಗೆಯಲ್ಲಿ ಉಳಿದಿದ್ದದ್ದು 9×6. ಪಿಚ್ ಎಂದರೆ ಸ್ಕ್ರೂ ಒಂದು ಸುತ್ತಿಗೆ ಮರದೊಳಗೆ ಎಷ್ಟು ಇಳಿಯುತ್ತದೋ ಆ ಲೆಕ್ಕ. ಸುತ್ತಿಗೆ ಎರಡು ಇಂಚು ಹೆಚ್ಚು ಮುಂದೆ ಹೋದರೆ ಒಳ್ಳೆಯದೇ ತಾನೆ ಎಂದುಕೊಂಡು ಅದನ್ನೇ ಬಿಗಿದೆ. ನೇರ ಹಾರಾಟದಲ್ಲಿ ಚೆನ್ನಾಗಿಯೇ ಓಡಿತು. ಲೂಪ್ ಹೊಡೆಯಲು ಮೂಗು ಮೇಲೆತ್ತಿದಾಗ ಎಂಜಿನ್ನಿನ ದನಿ ಕುಗ್ಗಿತು, ನೆತ್ತಿಯ ಮೇಲೆ ಬರುವಷ್ಟರಲ್ಲಿ ತಂತಿ ಜೋತುಬಿತ್ತು. ಎಂಜಿನ್ನಿಗೆ ಶಕ್ತಿ ಸಾಲಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಸುಳ್ಳೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ, ಈ ಆಟದ ಚರಿತ್ರೆ ಓದುವಾಗ.

ಆ ಚರಿತ್ರೆ ಶುರುವಾಗುವುದು ಅಮೆರಿಕದಲ್ಲಿ. 1934ರ ಹೊತ್ತಿಗೆ ಫಿಲಡೆಲ್ಫಿಯಾದ ಬಿಲ್ ಬ್ರೌನ್ ಮಾರಾಟಕ್ಕಿಟ್ಟ ಬ್ರೌನ್ ಜೂನಿಯರ್ ಎಂಬ ಪೆಟ್ರೋಲ್ ಎಂಜಿನ್, ಸುಮಾರು ಹತ್ತು ಸಿಸಿಯದು, ಮಾದರಿ ವಿಮಾನಗಳಿಗೆ ಹೊಸ ಜೀವ ಕೊಟ್ಟಿತು. ಆದರೆ ಆ ವಿಮಾನಗಳು ಬಿಟ್ಟರೆ ಹೋದವು; ಎಷ್ಟೋ ಸಲ ಮರಳಿ ಸಿಗುತ್ತಲೇ ಇರಲಿಲ್ಲ. ಅವನ್ನು ತಂತಿಯಲ್ಲಿ ಕಟ್ಟಿ ಆಡಿಸುವ ಯೋಚನೆ ಮೂವರಿಗೆ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹೊಳೆಯಿತು: ಆರೆಗನ್ನಿನ ಓಬಾ ಸೇಂಟ್ ಕ್ಲೇರ್, ಟೆಕ್ಸಾಸಿನ ವಿಕ್ಟರ್ ಸ್ಟಾಂಜೆಲ್, ಪೋರ್ಟ್‌ಲ್ಯಾಂಡಿನ ಜಿಮ್ ವಾಕರ್. ಹೆಸರು, ಹಣ, ಪೇಟೆಂಟ್ ಮೂರೂ ಸಿಕ್ಕಿದ್ದು ವಾಕರ್‌ಗೆ. ಅವನ ಫೈರ್‌ಬಾಲ್ ವಿಮಾನ ಊರೂರಿಗೂ ಹೋಯಿತು. ಏಕಕಾಲಕ್ಕೆ ಮೂರು ವಿಮಾನ ಹಾರಿಸಿ ಜನರನ್ನು ಬೆರಗುಗೊಳಿಸುವವನೂ ಅವನೇ. 1950ರ ದಶಕದಲ್ಲಿ ವ್ಯಾಜ್ಯ ಕೋರ್ಟಿಗೆ ಹೋದಾಗ ಸೇಂಟ್ ಕ್ಲೇರನ ಹಳೆಯ ವಿಮಾನ ಸಾಕ್ಷಿಯಾಗಿ ಬಂದು ಪೇಟೆಂಟ್ ಬಿದ್ದುಹೋಯಿತು. ಅದೇ ಒಂದು ಕಾದಂಬರಿಯಾದೀತು. ಇಲ್ಲಿ ನನಗೆ ಬೇಕಾದದ್ದು ಎಂಜಿನ್ನಿನ ಕತೆ.

1947ರಲ್ಲಿ ರೇ ಆರ್ಡೆನ್ ಗ್ಲೋ ಪ್ಲಗ್ ತಂದ. ಮೆಥನಾಲಿನ ಆವಿ ತಾಗಿದರೆ ತಾನೇ ಕೆಂಪಗೆ ಉಳಿಯುವ ಪ್ಲಾಟಿನಮ್ ತಂತಿಯ ಸುರುಳಿ ಅದು. ಒಮ್ಮೆ ಎಂಜಿನ್ ಹೊತ್ತಿಕೊಂಡ ಮೇಲೆ ಬ್ಯಾಟರಿ ಬೇಡ, ಕಾಯಿಲ್ ಬೇಡ, ಕಂಡೆನ್ಸರ್ ಬೇಡ. ವಿಮಾನದ ಭಾರ ಇಳಿಯಿತು, ಸುತ್ತು ಏರಿತು. ಆಗ ಹಾರಿಸುವವರು ಎರಡು ದಾರಿ ಹಿಡಿದರು. ಒಂದು ಬರೀ ವೇಗದ ದಾರಿ: ಚಿಕ್ಕ ಪ್ರೊಪೆಲ್ಲರ್, ದೊಡ್ಡ ಪಿಚ್. ಇವತ್ತಿನ ಅಂತರರಾಷ್ಟ್ರೀಯ ವೇಗಸ್ಪರ್ಧೆಯ 2.5 ಸಿಸಿ ಎಂಜಿನ್ನು ನಿಮಿಷಕ್ಕೆ ನಲವತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಅದರ ಪ್ರೊಪೆಲ್ಲರಿಗೆ ಒಂದೇ ರೆಕ್ಕೆ, ಇನ್ನೊಂದು ಬದಿಗೆ ತೂಕದ ತುಂಡು. ಮೊದಲ ಸಲ ಚಿತ್ರ ನೋಡಿದಾಗ ಮುರಿದದ್ದೇ ಇರಬೇಕು ಅಂದುಕೊಂಡಿದ್ದೆ.

ಇನ್ನೊಂದು ಸ್ಟಂಟ್ ಹಾರಾಟದ ದಾರಿ. ಲೂಪು, ಎಂಟರ ಆಕಾರ, ಚೌಕ, ತಲೆಕೆಳಗಿನ ಹಾರಾಟ. ಇಲ್ಲಿ ಎಲ್ಲರೂ ಬೆನ್ನು ಹತ್ತಿದ್ದು ವೇಗವನ್ನಲ್ಲ, ಒಂದೇ ಸಮನಾದ ವೇಗವನ್ನು. ಇಪ್ಪತ್ತು ಮೀಟರ್ ತಂತಿಯಲ್ಲಿ ಒಂದು ಸುತ್ತಿಗೆ ಐದು ಸೆಕೆಂಡು ಚಿಲ್ಲರೆ, ಅಂದರೆ ಗಂಟೆಗೆ 85 ಕಿಲೋಮೀಟರಿನ ಹತ್ತಿರ. ಏರುವಾಗ ಅದು ತಗ್ಗಬಾರದು, ಇಳಿಯುವಾಗ ಹೆಚ್ಚಬಾರದು. ತಗ್ಗಿದರೆ ತಂತಿ ಜೋಲುತ್ತದೆ. ಹೆಚ್ಚಿದರೆ ಹಾರಿಸುವವನ ಕೈ ಹಿಂದೆ ಬೀಳುತ್ತದೆ.

ಇದಕ್ಕೆ ಸಿಕ್ಕಿದ ಉತ್ತರ ಎಂಜಿನಿಯರುಗಳು ತಲೆ ಚಚ್ಚಿಕೊಳ್ಳುವಂಥದ್ದು. ಡ್ಯೂಕ್ ಫಾಕ್ಸ್ 1940ರ ದಶಕದ ಕೊನೆಗೆ ಹೊರತಂದ ಫಾಕ್ಸ್ 35, 5.8 ಸಿಸಿಯ ಸಾಧಾರಣ ಎಂಜಿನ್. ಅದನ್ನು ಬೇಕೆಂದೇ ಕೆಟ್ಟದಾಗಿ ಓಡಿಸಬೇಕು. ಇಂಧನ ತುಸು ಹೆಚ್ಚು ಬಿಟ್ಟರೆ ಟೂ ಸ್ಟ್ರೋಕ್ ಎಂಜಿನ್ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಉರಿಯುತ್ತಾ ಗೊರಗೊರ ಎನ್ನುತ್ತದೆ. ಮೂಗು ಮೇಲೆದ್ದಾಗ ಭಾರ ಬಿದ್ದು, ಮಿಶ್ರಣ ತೆಳುವಾಗಿ, ಪ್ರತಿ ಸುತ್ತಿಗೂ ಉರಿಯಲು ಶುರುಮಾಡುತ್ತದೆ. ದನಿ ಕೀಚಲಾಗುತ್ತದೆ, ಬಲ ಬರುತ್ತದೆ. ನೆಲಮಟ್ಟಕ್ಕೆ ಬಂದರೆ ಮತ್ತೆ ಗೊರಗೊರ. ಏರಿನಲ್ಲಿ ತಾನಾಗಿ ಹೆಜ್ಜೆ ಬಲಗೊಳಿಸುವ ಎತ್ತಿನಂತೆ. ಜಾರ್ಜ್ ಆಲ್ಡ್ರಿಚ್ 1950ರ ದಶಕದಲ್ಲಿ ಪ್ರಸಿದ್ಧಗೊಳಿಸಿದ ನೋಬ್ಲರ್ ವಿಮಾನಕ್ಕೆ ಈ ಎಂಜಿನ್ನು, 10×6 ಮರದ ಪ್ರೊಪೆಲ್ಲರು ಎಂಬ ಜೋಡಿ ಒಂದು ತಲೆಮಾರಿಗೆ ಪಂಚಾಂಗದಷ್ಟೇ ಖಚಿತವಾಗಿತ್ತು.

ಆದರೆ ಈ ಆಟ ನಡೆಯುವುದು ಪ್ರೊಪೆಲ್ಲರಿನ ಭಾರ ಸರಿಯಿದ್ದರೆ ಮಾತ್ರ. ಪಿಚ್ ಹೆಚ್ಚಾದರೆ ಎಂಜಿನ್ನು ತನ್ನ ಬಲ ಹುಟ್ಟುವ ಸುತ್ತಿಗೆ ಏರುವುದೇ ಇಲ್ಲ. ಮೇಲಿನ ಗೇರಿನಲ್ಲಿ ಘಾಟಿ ಹತ್ತುವ ಲಾರಿಯ ಹಾಗೆ: ಸಪಾಟು ರಸ್ತೆಯಲ್ಲಿ ರಾಜ, ತಿರುವಿನಲ್ಲಿ ಉಸಿರು ಕಟ್ಟುತ್ತದೆ. ಪಿಚ್ ಕಡಿಮೆಯಿದ್ದರೆ ಏರಿನಲ್ಲಿ ಎಳೆಯುತ್ತದೆ. ಇಳಿಜಾರಿನಲ್ಲಿ ವಿಮಾನ ಓಡಲು ಹೊರಟರೆ ಅದೇ ರೆಕ್ಕೆ ಗಾಳಿಗೆ ಅಡ್ಡ ನಿಂತು ತಡೆಯುತ್ತದೆ. ನನ್ನ 9×6 ಮಾಡಿದ್ದು ಇಷ್ಟೇ. ಎಂಜಿನ್ನಿನ ಶಕ್ತಿ ಅಲ್ಲೇ ಇತ್ತು, ನಾನು ಅದನ್ನು ತಲುಪಲು ಬಿಟ್ಟಿರಲಿಲ್ಲ. ಪ್ರೊಪೆಲ್ಲರ್ ಮೇಲೆ ಅಚ್ಚಾದ ಅಂಕಿಯನ್ನೂ ಪೂರ್ತಿ ನಂಬುವಂತಿಲ್ಲ ಅನ್ನಿ. ರೆಕ್ಕೆಯ ಉಬ್ಬು ಬೇರೆಯಾದರೆ ಒಂದೇ ಅಂಕಿಯ ಎರಡು ಪ್ರೊಪೆಲ್ಲರು ಬೇರೆ ಬೇರೆಯಾಗಿ ಎಳೆಯುತ್ತವೆ. ಹಳಬರು ಅವನ್ನು ಅರದಲ್ಲಿ ಉಜ್ಜಿ, ಹಾರಿಸಿ, ಮತ್ತೆ ಉಜ್ಜುತ್ತಿದ್ದರು.

ಯುರೋಪಿನಲ್ಲಿ ಯುದ್ಧದ ನಂತರ ಬೆಳೆದದ್ದು ಡೀಸೆಲ್. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ ಇಂಧನ. ಒತ್ತಡಕ್ಕೇ ಹೊತ್ತಿಕೊಳ್ಳುತ್ತದೆ, ಪ್ಲಗ್ಗೇ ಇಲ್ಲ. ಕಡಿಮೆ ಸುತ್ತಿನಲ್ಲಿ ದೊಡ್ಡ ಪ್ರೊಪೆಲ್ಲರನ್ನು ತಿರುಗಿಸುತ್ತದೆ, ಇಂಧನವನ್ನು ಜಿಪುಣನಂತೆ ಕುಡಿಯುತ್ತದೆ. ಮೂರು ವಿಮಾನ ಒಂದೇ ವೃತ್ತದಲ್ಲಿ ನೂರು ಸುತ್ತು, ಅಂದರೆ ಹತ್ತು ಕಿಲೋಮೀಟರ್, ಪೈಪೋಟಿ ನಡೆಸುವ ಟೀಮ್ ರೇಸಿನಲ್ಲಿ ಇಂಧನಕ್ಕೆ ಇಳಿಯುವುದೇ ಕಾಲಹರಣ. ಅಲ್ಲಿ ಡೀಸೆಲ್ಲೇ ಗೆದ್ದಿತು. ನಮ್ಮ ಮೈದಾನದಲ್ಲಿ ಇದ್ದದ್ದೂ ಡೀಸೆಲ್ಲೇ. ಆ ಈಥರ್ ಘಾಟು ಈಗಲೂ ಆಸ್ಪತ್ರೆಯ ಬಾಗಿಲಲ್ಲಿ ನನಗೆ ಮೈದಾನವನ್ನೇ ನೆನಪಿಸುತ್ತದೆ.

1980ರ ದಶಕದಲ್ಲಿ ಸ್ಟಂಟಿನವರು ವೇಗದವರಿಂದ ಟ್ಯೂನ್ಡ್ ಪೈಪ್ ಎರವಲು ತಂದರು, ಆದರೆ ಉಲ್ಟಾ ಕೆಲಸಕ್ಕೆ. ಹೊಗೆಕೊಳವೆಯ ಉದ್ದ ಸರಿಹೊಂದಿಸಿದರೆ ಎಂಜಿನ್ನು ಒಂದು ಗೊತ್ತಾದ ಸುತ್ತಿನ ಸುತ್ತಲೇ ಬಲ ಕೊಡುತ್ತದೆ, ಮೀರಿದರೆ ಸೊರಗುತ್ತದೆ. ಪಿಚ್ ಆರರಿಂದ ನಾಲ್ಕು ಇಂಚಿನ ಕಡೆಗೆ ಇಳಿಯಿತು. ಈಗ ವಿದ್ಯುತ್ ಮೋಟಾರು ಬಂದಿದೆ. ಸುತ್ತು ಕಾಯುವ ಕೆಲಸ ಒಂದು ಚಿಪ್ಪಿನದು. ಮೋಟಾರನ್ನು ಯಾವ ದಿಕ್ಕಿಗೂ ತಿರುಗಿಸಬಹುದಾದ್ದರಿಂದ ಎಷ್ಟೋ ಜನ ಎಡಗೈ ಪ್ರೊಪೆಲ್ಲರ್ ಹಾಕುತ್ತಾರೆ. ವಾಡಿಕೆಯ ಪ್ರೊಪೆಲ್ಲರಿನ ಪ್ರತಿತಿರುಚು ವಿಮಾನವನ್ನು ವೃತ್ತದ ಒಳಕ್ಕೆ ವಾಲಿಸುತ್ತದೆ, ಇದು ಹೊರಕ್ಕೆ. ನೆತ್ತಿಯ ಮೇಲೂ ತಂತಿ ಬಿಗಿಯಾಗಿರುತ್ತದೆ.